ಸೌಮ್ಯಳ ಹೆಸರಿನ ನೊಣ

ಸಂಕ್ರಾಂತಿ ಕಳೆದ ಮೊದಲ ಸೋಮವಾರ, ಜನವರಿ ಹತ್ತೊಂಬತ್ತರ ಬೆಳಿಗ್ಗೆ, ತಿಪಟೂರಿನ ಠಾಣೆಯೊಂದಕ್ಕೆ ಬಂದ ಮೊದಲ ದೂರು ಒಂದು ನೊಣ ಕಳುವಾದದ್ದರ ಬಗ್ಗೆ ಇತ್ತು. ಠಾಣೆ ಅಂದ ಮೇಲೆ ಎಂಥೆಂಥವೋ ಬರುತ್ತವೆ. ಪಂಪ್‌ಸೆಟ್ಟು ಹೋಯಿತು, ಕೊಬ್ಬರಿ ಚೀಲ ಹೋಯಿತು, ಕಟ್ಟಿದ್ದ ಮೇಕೆ ಹೋಯಿತು. ನೊಣ ಹೋಯಿತು ಎಂದು ಬರೆದುಕೊಂಡು ಬಂದವರನ್ನು ಹೆಡ್ ಕಾನ್‌ಸ್ಟೆಬಲ್ ಹುಚ್ಚರಂಗಯ್ಯ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಮೇಡಮ್ಮೋರೆ, ನಾವು ಕೈಬೀಸಿ ಓಡ್ಸೋ ನೊಣಾನೇ ತಾನೆ?" ಎಂದು ಕೇಳಿದ. "ಹೋದ್ರೆ ಪೀಡೆ ತೊಲಗ್ತು ಅನ್ಕೊಂಡು ಸುಮ್ನಿರ್ಬೇಕು ಕಣ್ರೀ."

ದೂರು ತಂದವಳು ನಗಲಿಲ್ಲ. ಪಟ್ಟಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಯಮುನಾ ಅವಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಒಳಗಿನಿಂದ ಅದನ್ನು ಕಂಡ ಇನ್‌ಸ್ಪೆಕ್ಟರ್ ರಾಧಾಮಣಿ ಹುಚ್ಚರಂಗಯ್ಯನತ್ತ ಒಂದು ನೋಟ ಬಿಸಾಕಿ, ಅವಳನ್ನು ಕರೆದು ಕೂರಿಸಿದಳು.

"ಹೇಳಿ. ಏನು ಹೋಗಿದೆ?"

"ಅಂಬರ್ ತುಣುಕು ಮೇಡಂ. ಹುಣಸೆ ಬೀಜದಷ್ಟು ದಪ್ಪ, ಜೇನಿನ ಬಣ್ಣ. ಒಳಗೊಂದು ನೊಣ ಇದೆ."

"ಅಂಬರ್ ಅಂದ್ರೆ?"

"ಮರದ ಅಂಟು. ಜಾಲಿ ಮರದಲ್ಲಿ ಸೋರುತ್ತಲ್ಲ, ಹಂಗೆ. ಕೋಟ್ಯಂತರ ವರ್ಷದ ಹಿಂದೆ ಸೋರಿದ ಅಂಟಲ್ಲಿ ಈ ನೊಣ ಸಿಕ್ಕಾಕ್ಕೊಂಡಿದೆ. ಅಂಟು ಮಣ್ಣಲ್ಲಿ ಹೂತು ಕಲ್ಲಿನಂಗೆ ಗಟ್ಟಿಯಾಗಿದೆ. ನೊಣ ಮಾತ್ರ ನಿನ್ನೆ ಸತ್ತಂಗಿದೆ ಮೇಡಂ. ಕಾಲಿನ ಮುಳ್ಳು ಕೂಡ ಎಣಿಸ್ಬೋದು."

ಆ ತುಣುಕು ಗುಜರಾತಿನ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು. ಕಾಲೇಜಿಗೆ ತಂದವರು ಅವಳ ಗುರುಗಳು, ಈಗ ನಿವೃತ್ತರಾಗಿರುವ ಪ್ರೊಫೆಸರ್ ಗಂಗಾಧರ್. ಆ ನೊಣ ಯಾವುದೆಂದು ಗುರುತಿಸಲು ಅವರು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ರೆಕ್ಕೆಯ ನರ, ಮೀಸೆಯ ಗಂಟು, ಕಾಲಿನ ಮುಳ್ಳು, ಒಂದೊಂದನ್ನೂ ಗೊತ್ತಿರುವ ನೊಣಗಳ ಜೊತೆ ಹೋಲಿಸಿ, ಇದು ಯಾರೂ ಕಾಣದ ಜಾತಿ ಎಂದು ತೀರ್ಮಾನಿಸಿದರು. ಹನ್ನೊಂದರ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ ತಮ್ಮ ಒಬ್ಬಳೇ ಮಗಳು ಸೌಮ್ಯಳ ಹೆಸರನ್ನು ಅದಕ್ಕಿಟ್ಟರು. ಜಗತ್ತಿನ ಪುಸ್ತಕಗಳಲ್ಲಿ ಆ ಹೆಸರು ಸೇರಿತು.

"ಹೋದ ವರ್ಷ ಹೊರದೇಶದವರೊಬ್ರು ಚಿತ್ರ ನೋಡಿ ಬರೆದ್ರು. ಇದು ಇವತ್ತಿನ ನೊಣ, ಯಾರೋ ಪ್ಲಾಸ್ಟಿಕ್ ಕರಗಿಸಿ ಒಳಗೆ ಕೂರಿಸಿದಾರೆ ಅಂತ. ಅದಕ್ಕೇ ನಾನು ಮತ್ತೆ ಪರೀಕ್ಷೆ ಮಾಡ್ತಿದ್ದೆ. ಈ ಗುರುವಾರ ಬೆಂಗಳೂರಿನ ಲ್ಯಾಬಿಗೆ ಒಯ್ಯಬೇಕಿತ್ತು. ನಿಜ ಅಂತ ಬಂದ್ರೆ ಸೌಮ್ಯನ ಹೆಸರು ಉಳಿಯುತ್ತೆ. ಸುಳ್ಳಾದ್ರೆ ಅಳಿಸಿ ಹಾಕ್ತಾರೆ."

"ತುಣುಕೇ ಇಲ್ಲದಿದ್ರೆ?"

"ನಿಜ ಅಂತ ತೋರಿಸೋಕೆ ಯಾವತ್ತೂ ಆಗಲ್ಲ ಮೇಡಂ. ಇರೋದು ಅದೊಂದೇ."

"ಫೋಟೊ ಸಾಲಲ್ವಾ?"

"ಫೋಟೊ ನೋಡಿಯೇ ತಾನೆ ಸುಳ್ಳು ಅಂದಿದ್ದು."

ರಾಧಾಮಣಿ ಇನ್ನೇನೂ ಕೇಳದೆ ಎಫ್‌ಐಆರ್ ದಾಖಲಿಸಲು ಹೇಳಿದಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 305, ಕಟ್ಟಡದಲ್ಲಿಟ್ಟ ಸ್ವತ್ತಿನ ಕಳವು. ಕಂಪ್ಯೂಟರಿನ ಮುಂದೆ ಕೂತ ಕಾನ್‌ಸ್ಟೆಬಲ್ ದಯಾನಂದ್ ಸ್ವತ್ತಿನ ವಿವರ ಎಂಬಲ್ಲಿ ನಿಂತುಬಿಟ್ಟ. ತಲೆ ಕೆರೆದುಕೊಂಡು, ಕೊನೆಗೆ "ನೊಣವಿರುವ ಅಂಬರ್ ತುಣುಕು, ಒಂದು" ಎಂದು ಕುಟ್ಟಿದ.

ಹತ್ತೂವರೆಗೆ ಕಾಲೇಜಿನಲ್ಲಿ ಪಂಚನಾಮೆ ಶುರುವಾಯಿತು. ಪ್ರಾಣಿಶಾಸ್ತ್ರದ ಕೊಠಡಿ ಹಳೆಯ ಕಲ್ಲು ಕಟ್ಟಡದ ಹಿಂಬದಿಯಲ್ಲಿತ್ತು. ಬಿಸಿಲು ಕಾಣದ ಜಾಗ, ಒಳಗೆ ಕಾಲಿಟ್ಟರೆ ಚಳಿ ಕಚ್ಚುತ್ತಿತ್ತು. ಬೀರುವಿನ ಬೀಗ ಒಡೆದಿರಲಿಲ್ಲ. ಒಳಗಿನ ಪುಟ್ಟ ಡಬ್ಬಿಯಲ್ಲಿ ಹತ್ತಿ ಇತ್ತು, ತುಣುಕು ಇರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಪಟ್ಟಿ ಉಳಿದಿತ್ತು. ಅದರ ಮೇಲೆ ಉಗುರಿನಗಲ ಬಿಳಿ ಕಲೆ, ಮೇಣ ತೊಟ್ಟಿಕ್ಕಿ ಹೆಪ್ಪುಗಟ್ಟಿದಂತೆ.

"ಕರೆಂಟು ಹೋದಾಗ ಮೇಣದಬತ್ತಿ ಹಚ್ಚವ್ನೆ ನೋಡಿ ಮೇಡಂ," ಎಂದ ಹುಚ್ಚರಂಗಯ್ಯ. ಶನಿವಾರ ಮಧ್ಯಾಹ್ನದ ಮೇಲೆ ಕರೆಂಟು ಇರಲಿಲ್ಲ ಎಂಬುದು ಊರಿಗೇ ಗೊತ್ತಿತ್ತು. ಅಟೆಂಡರ್ ಜುಂಜೇಶನ ಮೇಜಿನ ಡ್ರಾಯರಿನಲ್ಲಿ ಅರ್ಧ ಉರಿದ ಮೇಣದಬತ್ತಿ ಸಿಕ್ಕಿತು. ಬೀರುವಿನ ಕೀಲಿಯೂ ಅವನ ಹತ್ತಿರವೇ ಇತ್ತು. ದಯಾನಂದ್ "ಮೇಣದಂಥ ಬಿಳಿ ಕಲೆ" ಎಂದು ಬರೆದುಕೊಂಡು ಗಾಜಿನ ಪಟ್ಟಿಯನ್ನು ಕಾಗದದ ಕವರಿಗೆ ಹಾಕಿ, ಪಂಚರ ಸಹಿ ಮಾಡಿಸಿ ಅರಗು ಒತ್ತಿದ.

ಅಷ್ಟರಲ್ಲಿ ಪ್ರೊಫೆಸರ್ ಗಂಗಾಧರ್ ಬಂದರು. ನೊಣವಿನಕೆರೆಯಿಂದ ಬಸ್ಸಿಗೆ ಬಂದಿದ್ದ ಮುದುಕರು ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ ಜುಂಜೇಶ್ ಅವರನ್ನು ಕಂಡದ್ದೇ ಎದ್ದು ನಿಂತ. ಒಂದು ಸಲ ಅವರ ಮುಖ ನೋಡಿ ತಲೆ ತಗ್ಗಿಸಿದ.

"ನೀವೇ ಅಲ್ವಾ ಸರ್ ಹೆಸರಿಟ್ಟಿದ್ದು?" ಎಂದು ಕೇಳಿದಳು ರಾಧಾಮಣಿ.

"ಹೌದಮ್ಮ. ನನ್ನ ಮಗಳು ಹೋಗಿ ಇಪ್ಪತ್ತಾರು ವರ್ಷ ಆಯ್ತು. ಅವಳ ಹೆಸರು ಹಿಡಿದು ಕರೆಯೋರು ಈಗ ನಾನು, ನನ್ನ ಹೆಂಡತಿ ಇಬ್ಬರೇ. ನಾವೂ ಹೋದ ಮೇಲೆ ಆ ನೊಣ ಒಂದಾದ್ರೂ ಅವಳ ಹೆಸರಲ್ಲಿರ್ಲಿ ಅಂತ ಆಸೆ ಪಟ್ಟಿದ್ದೆ." ಹೋಗುವಾಗ ತಿರುಗಿ, "ಜುಂಜೇಶ ಅಂಥವನಲ್ಲ ಮೇಡಂ. ಅವನನ್ನ ಬಿಟ್ಬಿಡಿ," ಎಂದರು.

ಇಷ್ಟು ನೋವಿನಲ್ಲೂ ಇನ್ನೊಬ್ಬರ ಬಗ್ಗೆ ಯೋಚಿಸುವ ದೊಡ್ಡ ಮನಸ್ಸು ಅಂದುಕೊಂಡಳು ರಾಧಾಮಣಿ. ಹಾಗೆ ಅಂದುಕೊಂಡು ಜುಂಜೇಶನನ್ನು ಜೀಪಿಗೆ ಹತ್ತಿಸಿದಳು.

ಠಾಣೆಯಲ್ಲಿ ಜುಂಜೇಶ್ ನೆಲದ ಮೇಲೆ ಕೂತ. ಮೂವತ್ತೈದರ ಆಸುಪಾಸಿನ, ಮೆತ್ತಗಿನ ಆಳು. ಕಂದಿಕೆರೆ ಕಡೆಯ ಹಟ್ಟಿಯವನು, ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ.

"ಕೀಲಿ ಯಾರ ಹತ್ರ ಇತ್ತು?"

"ನನ್ ತಾವೇ."

"ಮೇಣದಬತ್ತಿ ಹಚ್ಚಿದ್ಯಾ?"

"ಆಫೀಸ್ ರೂಮಲ್ಲಿ ಹಚ್ಚಿದ್ದೆ. ಆ ರೂಮಲ್ಲಿ ಹಚ್ಚಿಲ್ಲ."

"ಶನಿವಾರ ಹೊರಗಿನೋರು ಯಾರು ಬಂದಿದ್ರು?"

"ಹೊರಗಿನೋರು ಯಾರೂ ಬಂದಿಲ್ಲ ಮೇಡಂ."

"ಮತ್ತೆ ನೊಣಕ್ಕೆ ರೆಕ್ಕೆ ಬಂದು ಹಾರೋಯ್ತೇನ್ಲಾ?" ಎಂದು ಹುಚ್ಚರಂಗಯ್ಯ ಕೆನ್ನೆಗೆ ಒಂದು ಬಿಟ್ಟ. ರಾಧಾಮಣಿ "ಸಾಕು" ಅಂದಳು, ಆದರೆ ಏಟು ಬಿದ್ದ ಮೇಲೆ ಅಂದಳು. ಜುಂಜೇಶ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಳಲೂ ಇಲ್ಲ. ಅವನ ಕೋಣೆ ಶೋಧಿಸಿದರು. ಒಂದು ಕಂಬಳಿ, ಒಂದು ಸ್ಟೌ, ಹಟ್ಟಿಗೆ ಒಯ್ಯಲು ಕಟ್ಟಿಟ್ಟಿದ್ದ ಕಡಲೆಪುರಿ ಬಿಟ್ಟರೆ ಏನೂ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಕಾಲೇಜಿನಿಂದ ಅವನನ್ನು ಅಮಾನತು ಮಾಡಿದ ಸುದ್ದಿ ಬಂತು. ನೌಕರಿ ಕಾಯಂ ಆಗಿ ಎರಡು ವರ್ಷವೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಕ್ವಾರ್ಟರ್ಸಿನಲ್ಲಿ ರಾಧಾಮಣಿ ತಲೆ ಬಾಚಲು ಕೂತಳು. ಮನಸ್ಸು ನೆಟ್ಟಗಿರಲಿಲ್ಲ. ರಾತ್ರಿಯೆಲ್ಲ ಆ ಮನುಷ್ಯ ಕೆನ್ನೆ ಮುಟ್ಟಿಕೊಳ್ಳದೆ ಕೂತದ್ದೇ ಕಣ್ಣಿಗೆ ಕಟ್ಟಿತ್ತು. ಎಣ್ಣೆ ಬಾಟಲಿ ಬೋರಲು ಹಾಕಿದರೆ ತೊಟ್ಟೂ ಬೀಳಲಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಸೀಮೆಯ ಪ್ರತಿ ಮನೆಯಲ್ಲೂ ಇದೇ ಪಾಡು. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು, ಅಂಚಿನಲ್ಲಿ ಬಿಳುಪು ಕರಗುವುದನ್ನು ನೋಡುತ್ತ ಕೂತವಳಿಗೆ ಗಾಜಿನ ಪಟ್ಟಿಯ ಮೇಲಿನ ಬಿಳಿ ಕಲೆ ನೆನಪಾಯಿತು. ತಲೆ ಬಾಚುವುದನ್ನು ಅಲ್ಲಿಗೇ ಬಿಟ್ಟು ಎದ್ದಳು.

ಠಾಣೆಯ ಗೇಟಿನಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಕೂತಿದ್ದಳು. ಜುಂಜೇಶನ ತಾಯಿ ಕಾಟಮ್ಮ, ಮೊದಲ ಬಸ್ಸಿಗೆ ಬಂದಿದ್ದಳು.

"ಅವ್ವ, ನೀನೇನಾ ದೊಡ್ಡೋಳು ಇಲ್ಲಿಗೆ?" ಎಂದಳು. "ನನ್ ಮಗ ತಗೊಂಡವ್ನೆ ಅಂದ್ರೆ ನಾನೇ ಜುಂಜಪ್ಪನ ಗುಡಿ ಮುಂದೆ ನಿಲ್ಲಿಸ್ಕೊಂಡು ಕೇಳ್ತೀನಿ. ಅಲ್ಲಿ ಅವ್ನು ಸುಳ್ಳು ಹೇಳಾಕಿಲ್ಲ. ನೀವು ಹೊಡೀಬ್ಯಾಡಿ ಕಣವ್ವ."

"ಒಳಗೆ ಬಂದು ಕೂತ್ಕೊಳಮ್ಮ," ಎಂದು ಹೇಳಿ ರಾಧಾಮಣಿ ನೇರ ಜಪ್ತಿ ಮಾಲಿನ ಕೊಠಡಿಗೆ ಹೋದಳು. ಅರಗು ಒತ್ತಿದ ಕವರು ಕಿಟಕಿಯ ಪಕ್ಕದ ಹಲಗೆಯ ಮೇಲಿತ್ತು. ನಿನ್ನೆ ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದಿರಬೇಕು. ಕಾಗದ ಒಂದು ಕಡೆ ನೆನೆದು ಪಾರದರ್ಶಕವಾಗಿತ್ತು. ಮೂಗಿನ ಹತ್ತಿರ ಹಿಡಿದಳು. ಮೇಣ ಹೀಗೆ ಕಾಗದ ನೆನೆಸುವುದಿಲ್ಲ, ಈ ವಾಸನೆಯೂ ಅದಕ್ಕಿಲ್ಲ.

"ಹುಚ್ಚರಂಗಯ್ಯ, ಇದೇನು ಹೇಳಿ."

ಮೂಸಿ ನೋಡಿದ ಹುಚ್ಚರಂಗಯ್ಯನ ಮುಖ ಇಳಿದುಹೋಯಿತು. "ಕೊಬ್ರಿ ಎಣ್ಣೆ ಮೇಡಂ. ಹುಟ್ಟಿದಾಗ್ಲಿಂದ ತಲೆಗೆ ಹಚ್ಕೊಂಡವ್ನಿಗೆ ಗೊತ್ತಾಗಲಿಲ್ವಲ್ಲ. ಥೂ, ನನ್ ಬುದ್ಧಿಗಿಷ್ಟು."

ರಾಧಾಮಣಿ ಯಮುನಾಗೆ ಫೋನು ಮಾಡಿದಳು.

"ಆ ತುಣುಕಿಗೆ ಎಣ್ಣೆ ಹಾಕ್ತೀರಾ?"

"ಇಲ್ಲ ಮೇಡಂ. ನಾನು ಗ್ಲಿಸರಿನ್ ಬಳಸ್ತೀನಿ, ನೋಡಿದ ಮೇಲೆ ತೊಳೆದಿಡ್ತೀನಿ. ಮೇಲಿನ ಗೀರೆಲ್ಲ ಮುಚ್ಚಿ ಒಳಗಿನ ನೊಣ ನಿಚ್ಚಳವಾಗಿ ಕಾಣಲಿ ಅಂತ ಒಂದು ತೊಟ್ಟು ಹಾಕೋದು. ಹಿಂದೆ ಅದಕ್ಕೆ ಕೊಬ್ಬರಿ ಎಣ್ಣೆ..." ಯಮುನಾ ಅಲ್ಲಿಗೇ ನಿಂತಳು.

"ಯಾರು ಹಾಕ್ತಿದ್ರು?"

"ಸರ್ ಒಬ್ರೇ. ಹೋಮಿಯೋಪತಿ ಮಾತ್ರೆಯ ಪುಟ್ಟ ಶೀಷೆಯಲ್ಲಿ ಜೇಬಲ್ಲೇ ಇಟ್ಕೊಂಡಿರೋರು."

ಕದ್ದವನು ಕದಿಯುವ ಮೊದಲು ಕೂತು ನೋಡಿದ್ದಾನೆ. ಮಾರಿಕೊಳ್ಳುವ ಕಳ್ಳನಿಗೆ ನೊಣ ನೋಡಿ ಏನಾಗಬೇಕು?

"ಅವರಿಗೆ ನೀವು ಏನು ಹೇಳಿದ್ರಿ?"

"ಹೋದ ಗುರುವಾರ ಹೇಳಿದ್ದೆ, ನನಗೂ ಅನುಮಾನ ಬರ್ತಿದೆ ಸರ್ ಅಂತ. ಆಮೇಲೆ ಶುಕ್ರವಾರ ತುಣುಕಿನ ಒಂದು ಮಗ್ಗುಲು ಉಜ್ಜಿ ನಯ ಮಾಡಿದೆ. ರೆಕ್ಕೆ ಪೂರ್ತಿ ಕಾಣ್ತು. ಇವತ್ತಿನ ನೊಣದಲ್ಲಿ ಒಂದು ನರ ಮೇಲಕ್ಕೆ ಬಾಗಿರುತ್ತೆ ಮೇಡಂ. ಇದರದ್ದು ನೇರ ಅಂಚಿನ ತನಕ ಹೋಗಿತ್ತು. ಅದು ಇವತ್ತಿನ ನೊಣ ಅಲ್ಲವೇ ಅಲ್ಲ. ಸರ್ ಸರಿಯಾಗೇ ಗುರುತಿಸಿದ್ರು."

"ಅದನ್ನ ಹೇಳಿದ್ರಾ?"

"ಲ್ಯಾಬಿಂದ ಬಂದ ಮೇಲೆ ಒಟ್ಟಿಗೆ ಹೇಳೋಣ, ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ..." ಯಮುನಾ ಅಳತೊಡಗಿದಳು.

ಜುಂಜೇಶನನ್ನು ಈ ಸಲ ಬೆಂಚಿನ ಮೇಲೆ ಕೂರಿಸಿದರು.

"ಶನಿವಾರ ಮೇಷ್ಟ್ರು ಬಂದಿದ್ರಾ?"

ಅವನು ತನ್ನ ಅಂಗೈ ನೋಡಿಕೊಂಡ. "ಬಂದಿದ್ರು. ಬಾಗ್ಲು ತೆಗ್ದು ಬೀರು ತೆಗ್ದು ಕೊಟ್ಟೆ. ಒಂದು ಗಳಿಗೆ ಒಬ್ಬನೇ ಕೂತಿರ್ತೀನಿ ಕಣಪ್ಪ ಅಂದ್ರು. ಕಾಫಿ ತರಾಕೆ ಹೋದೆ. ಬರಾ ಹೊತ್ಗೆ ಹೊಂಟಿದ್ರು."

"ಯಾರೂ ಬಂದಿಲ್ಲ ಅಂದ್ಯಲ್ಲ ನಿನ್ನೆ?"

"ಹೊರಗಿನೋರು ಬಂದಿದ್ರಾ ಅಂದ್ರಿ. ಮೇಷ್ಟ್ರು ಹೊರಗಿನೋರಾ ಮೇಡಂ? ಆ ರೂಮೇ ಅವ್ರದ್ದು. ನನಗೆ ಕೆಲ್ಸ ಕೊಡ್ಸಿದ್ದೂ ಅವ್ರೇ."

"ಏಟು ಬಿದ್ದಾಗ್ಲಾದ್ರೂ ಹೇಳ್ಬೋದಿತ್ತಲ್ಲ."

"ನಿನ್ನೆ ಅವ್ರ ಮುಖ ನೋಡ್ದಾಗ ನಂಗೆ ಗೊತ್ತಾಯ್ತು. ಅವ್ರೇ ಹೇಳ್ತಾರೆ ಅಂತ ಕಾಯ್ತಿದ್ದೆ."

ಹುಚ್ಚರಂಗಯ್ಯ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಎರಡು ತಟ್ಟೆ ಇಡ್ಲಿ ತರಿಸಿ, ಒಂದನ್ನು ಜುಂಜೇಶನ ಪಕ್ಕದಲ್ಲಿ, ಇನ್ನೊಂದನ್ನು ಕಾಟಮ್ಮನ ಮುಂದೆ ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೀಪು ನೊಣವಿನಕೆರೆ ಸೇರಿತು. ತೋಟಗಳ ಅಂಚಿನ ಹೆಂಚಿನ ಮನೆ. ಬೇರೆ ದಿನವಾಗಿದ್ದರೆ ಹುಚ್ಚರಂಗಯ್ಯ ಊರಿನ ಹೆಸರು ಹಿಡಿದು ಏನಾದರೂ ತಮಾಷೆ ಮಾಡುತ್ತಿದ್ದ. ಪ್ರೊಫೆಸರರ ಹೆಂಡತಿ ಸುವರ್ಣಮ್ಮ ಬಂದವರಿಗೆ ನೀರು ಕೊಟ್ಟಳು. ಗಂಗಾಧರ್ ಒಳಗೆ ಮಲಗಿದ್ದರು.

"ಮೈ ಸರಿಯಿಲ್ವಾ ಅವರಿಗೆ?"

"ಶನಿವಾರದಿಂದ ಹಿಂಗೇ ಕಣಮ್ಮ. ಒಂದು ತುತ್ತು ಸರಿಯಾಗಿ ಇಳಿದಿಲ್ಲ. ತಿಪಟೂರಿಂದ ಬಂದೋರೇ ಒಲೆ ಕೆಂಡ ತಗೊಂಡು ದೇವರ ಮನೇಲಿ ಧೂಪ ಹಾಕ್ಕೊಂಡು ಕೂತ್ರು. ಜೀವಮಾನದಲ್ಲಿ ಒಂದು ಊದುಬತ್ತಿ ಹಚ್ಚಿದೋರಲ್ಲ. ದೇವರು ಈಗಲಾದ್ರೂ ಬುದ್ಧಿ ಕೊಟ್ನಲ್ಲ ಅಂದ್ಕೊಂಡೆ. ಮನೆಯೆಲ್ಲ ಘಮ್ ಅನ್ನೋದು."

ರಾಧಾಮಣಿ ಲೋಟ ಕೆಳಗಿಟ್ಟು ಒಳಗೆ ನಡೆದಳು. ದೇವರ ಮನೆಯಲ್ಲಿ ಹಿತ್ತಾಳೆಯ ಧೂಪಾರತಿ ಇತ್ತು, ತಳದಲ್ಲಿ ಬೂದಿ, ಅಂಚಿಗೆ ಕರ್ರಗೆ ಕರಗಿ ಅಂಟಿದ್ದ ಒಂದು ಕಲೆ. ಅದನ್ನು ನೋಡಿ ತಿರುಗುವಷ್ಟರಲ್ಲಿ ಗಂಗಾಧರ್ ಎದ್ದು ಬಂದು ಹಿಂದೆ ನಿಂತಿದ್ದರು.

"ಅದೇ ಕಣಮ್ಮ. ಅಷ್ಟೇ ಉಳಿದಿರೋದು."

"ಯಾಕೆ ಸರ್?"

"ನನ್ನ ಕಣ್ಣಿಗೆ ಪೊರೆ ಬಂದಿದೆ. ಶನಿವಾರ ಎಣ್ಣೆ ಹಾಕಿ ಕಿಟಕಿ ಬೆಳಕಲ್ಲಿ ಎಷ್ಟು ನೋಡಿದ್ರೂ ನರ ನೆಟ್ಟಗೆ ಕಾಣಲಿಲ್ಲ. ಯಮುನಾಗೆ ಅನುಮಾನ ಬಂದಿತ್ತು. ಅವಳ ಕಣ್ಣು ತಯಾರು ಮಾಡಿದವನು ನಾನೇ. ಅವಳಿಗೇ ಅನುಮಾನ ಬಂತು ಅಂದ ಮೇಲೆ ಮುಗೀತು ಅಂದ್ಕೊಂಡೆ. ಲ್ಯಾಬಿಂದ ಸುಳ್ಳು ಅಂತ ಬಂದ್ರೆ ನನ್ನ ಮಗಳ ಹೆಸರು ಪ್ಲಾಸ್ಟಿಕ್ ಚೂರಿಗಿಟ್ಟ ಹೆಸರಾಗುತ್ತೆ. ನಾಲ್ಕು ಜನ ನಗ್ತಾರೆ. ಕಳೆದುಹೋಯ್ತು ಅಂದ್ರೆ ಬರೀ ಅನುಮಾನ ಉಳಿಯುತ್ತೆ. ಅನುಮಾನದಲ್ಲಾದ್ರೂ ಅವಳು ಇರ್ಲಿ ಅಂದ್ಕೊಂಡೆ."

"ಜುಂಜೇಶ?"

"ಅವನನ್ನ ಬಿಡಿ ಅಂತ ಹೇಳಿದ್ನಲ್ಲ ಮೇಡಂ."

"ಬಿಡಿ ಅಂದ್ರಿ. ನಾನು ತಗೊಂಡೆ ಅನ್ನಲಿಲ್ಲ."

ಅವರು ಗೋಡೆ ಹಿಡಿದು ನೆಲಕ್ಕೆ ಕೂತರು.

"ಪ್ಲಾಸ್ಟಿಕ್ ಸುಟ್ರೆ ಹೆಂಗೆ ನಾರುತ್ತೆ ಗೊತ್ತಲ್ವಾ ನಿಮಗೆ? ಆ ನಾತ ಬರುತ್ತೆ ಅಂತ ಮೂಗು ಮುಚ್ಕೊಂಡು ಕೆಂಡಕ್ಕೆ ಹಾಕ್ದೆ. ಬರಲಿಲ್ಲ. ಹೊಗೆ ಎದ್ದದ್ದೇ ಘಮ್ ಅಂತು. ಮರದ ಅಂಟಿನ ವಾಸನೆ. ಕೈ ಹಾಕ್ದೆ ಮೇಡಂ, ತೆಗೆಯೋಕೆ." ಅವರು ಬಲಗೈ ಮುಂದೆ ಚಾಚಿದರು. ಬೆರಳ ತುದಿಗಳು ಸುಟ್ಟು ಬೊಬ್ಬೆ ಎದ್ದಿದ್ದವು. "ನಿಜ ಆಗಿತ್ತು. ಅದು ನಿಜವೇ ಆಗಿತ್ತು."

ಯಮುನಾ ಶುಕ್ರವಾರ ಕಂಡದ್ದನ್ನು ಹೇಳಲು ರಾಧಾಮಣಿಗೆ ಬಾಯಿ ಬರಲಿಲ್ಲ. ದೋಷಾರೋಪಪಟ್ಟಿಯಲ್ಲಿ ಬರುತ್ತದೆ, ಆಗ ತಿಳಿಯಲಿ ಅಂದುಕೊಂಡಳು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸುವರ್ಣಮ್ಮ ಅಳಲಿಲ್ಲ. "ಹೋದ ಸಲ ಊರೋರೆಲ್ಲ ಬಂದಿದ್ರು. ಎಲ್ಲರೂ ಸೇರಿ ಮಣ್ಣು ಮಾಡಿದ್ವಿ," ಎಂದಳು. "ಈ ಸಲ ನನಗೂ ಹೇಳದೆ ನೀವೊಬ್ರೇ ಸುಟ್ಟುಬಿಟ್ರಲ್ಲ."

ಎರಡೂವರೆಗೆ ಪಂಚನಾಮೆ ಮುಗಿಯಿತು. ಧೂಪಾರತಿ, ಬೂದಿ ಮತ್ತು ಎಣ್ಣೆಯ ಪುಟ್ಟ ಶೀಷೆಯನ್ನು ವಶಪಡಿಸಿಕೊಂಡು, ಸಾಕ್ಷ್ಯ ನಾಶದ ಕಲಮನ್ನೂ ಸೇರಿಸಿ ಗಂಗಾಧರ್ ಅವರನ್ನು ಬಂಧಿಸಲಾಯಿತು. ಹೊರಡುವಾಗ ಸುವರ್ಣಮ್ಮ ಅವರ ಶಾಲು ತಂದು ಹುಚ್ಚರಂಗಯ್ಯನ ಕೈಗೆ ಕೊಟ್ಟಳು, ಗಂಡನ ಕೈಗೆ ಕೊಡಲಿಲ್ಲ. ಗಂಗಾಧರ್ ಅವರನ್ನು ಹತ್ತಿಸಿಕೊಂಡು ಜೀಪು ತಿಪಟೂರಿನತ್ತ ಹೊರಟಿತು. ಮಗಳ ಹೆಸರು ಉಳಿಯಬೇಕು ಎಂಬ ಒಂದೇ ಆಸೆ ಅವರಿಂದ ಇಷ್ಟನ್ನೂ ಮಾಡಿಸಿತ್ತು. ಉಳಿಸಬಹುದಾಗಿದ್ದ ಒಂದೇ ಒಂದು ವಸ್ತು ಈಗ ಹಿಂದಿನ ಸೀಟಿನ ಮೇಲೆ, ದಯಾನಂದನ ಪಕ್ಕದಲ್ಲಿ, ಕವರಿನೊಳಗಿನ ಬೂದಿಯಾಗಿತ್ತು. ಇಂಥ ಅಪರಾಧಿಯ ಮೇಲೆ ಕೋಪ ಮಾಡಿಕೊಳ್ಳಲು ರಾಧಾಮಣಿ ಪ್ರಯತ್ನಿಸಿದಳು. ಜುಂಜೇಶನ ಕೆನ್ನೆ ನೆನೆದಾಗ ಕೋಪ ಬಂತು, ಆದರೆ ಅದರಲ್ಲಿ ಅರ್ಧ ತನ್ನ ಮೇಲೆಯೇ ಇತ್ತು.

ಠಾಣೆಯಲ್ಲಿ ಜುಂಜೇಶ್ ತಾಯಿಯ ಜೊತೆ ಬೆಂಚಿನ ಮೇಲೆ ಕೂತಿದ್ದ. ನೀನು ಹೋಗಬಹುದು ಎಂದು ಬೆಳಿಗ್ಗೆಯೇ ಹೇಳಿದ್ದರೂ ಹೋಗಿರಲಿಲ್ಲ. ಜೀಪು ನಿಂತಿತು. ಹುಚ್ಚರಂಗಯ್ಯ ತೋಳು ಹಿಡಿದು ಮುದುಕರನ್ನು ಇಳಿಸಿದ. ಅವರು ಬಾಗಿಲ ಹತ್ತಿರ ಬರುತ್ತಿದ್ದಂತೆ ಜುಂಜೇಶ್ ಎದ್ದು ನಿಂತ, ದಾರಿಗೆ ಅಡ್ಡವಾಗಿದ್ದ ತಾಯಿಯ ಚೀಲವನ್ನು ಸರಿಸಿದ. ಗಂಗಾಧರ್ ತಲೆ ಎತ್ತಲಿಲ್ಲ.

"ಯಾರ್ಲಾ ಅದು?" ಎಂದು ಕೇಳಿದಳು ಕಾಟಮ್ಮ.

"ನಮ್ ಮೇಷ್ಟ್ರು ಕಣವ್ವ," ಎಂದ ಜುಂಜೇಶ್. ಅವರು ಒಳಗೆ ಹೋಗುವವರೆಗೂ ಅವನು ಕೂರಲಿಲ್ಲ.